ಎಡಗಡೆಯ ಗಾಜು

ಅಪ್ಪನ ಕೋಟು ಮತ್ತೆ ಅದೇ ಜಾಗದಲ್ಲಿ ಬಿರಿದಿತ್ತು.

ಮೂಗಿ ಅದನ್ನು ಮಡಿಲಲ್ಲಿ ಹರಡಿ ಕಿಟಕಿಯ ಬೆಳಕಿಗೆ ಹಿಡಿದಳು. ಮಂಡಿಯ ಕೆಳಗಿನವರೆಗೂ ಇಳಿಯುವ ಧೂಳುಕೋಟು. ಹೊಸದರಲ್ಲಿ ಕೆನೆಬಣ್ಣ ಇತ್ತಂತೆ, ಈಗ ಪೂರ್ತಿ ರಸ್ತೆಯ ಬಣ್ಣ. ಮೇಲೆ ಹೊದಿಕೆಯಿಲ್ಲದ, ಎದುರಿಗೆ ಗಾಜಿಲ್ಲದ ಮೋಟಾರು ಓಡಿಸುವವರೆಲ್ಲ ಇಂಥದ್ದೇ ಹಾಕುತ್ತಿದ್ದ ಕಾಲ ಅದು. ಕೋಟಿನ ಜೊತೆಗೆ ಕಿವಿ ಮುಚ್ಚುವ ತೊಗಲಿನ ಟೋಪಿ, ಮೊಣಕೈ ತನಕ ಬರುವ ಕೈಗವಸು, ಮೀನಖಂಡಕ್ಕೆ ಸುತ್ತುವ ತೊಗಲಿನ ಪಟ್ಟಿ, ಕಣ್ಣಿಗೆ ಲೋಟದ ತಳದಷ್ಟು ದೊಡ್ಡ ಗಾಜುಗಳ ಕನ್ನಡಕ. ಇಷ್ಟೆಲ್ಲ ಹಾಕಿಕೊಂಡು ಸಂಜೆ ಮನೆಗೆ ಬಂದರೆ ಕನ್ನಡಕ ತೆಗೆದ ಜಾಗ ಬಿಟ್ಟು ಉಳಿದ ಮುಖವೆಲ್ಲ ಧೂಳು. ದೊಡ್ಡಮನೆಯ ಮೋಟಾರು ಓಡಿಸುವ ಅಪ್ಪನನ್ನು ಓಣಿಯವರು ಧೂಳಣ್ಣ ಅಂತಲೇ ಕರೆಯುತ್ತಿದ್ದರು.

ಮೂಗಿಗೆ ಮಾತು ಬಾರದೆ ಏನಿರಲಿಲ್ಲ. ಮಾತಾಡುತ್ತಿರಲಿಲ್ಲ, ಅಷ್ಟೆ. ತಾಯಿ ತೀರಿಕೊಂಡ ವರ್ಷ ಶಾಲೆ ಬಿಡಿಸಿ, ಸೋದರತ್ತೆ ಅವಳನ್ನು ದರ್ಜಿ ಮೇಷ್ಟ್ರ ಅಂಗಡಿಯಲ್ಲಿ ಗುಂಡಿಯ ಕಾಜಾ ಹೊಲಿಯಲು ಕೂರಿಸಿದ್ದಳು. ಮೂಗಿ ಅಂತ ಹೆಸರಿಟ್ಟವಳೂ ಆ ಅತ್ತೆಯೇ.

"ನೀನು ಹೊಲಿಯೋದು ನೀನೇ ಬಿಚ್ಚೋದು," ಅಂದಳು ಅತ್ತೆ ಒಲೆಯ ಮುಂದಿನಿಂದ. "ದರ್ಜಿ ಅಂಗಡೀಲಿ ಕೂತು ಕಲ್ತಿದ್ದು ಇದೇನಾ? ಬೇರೆಯವರ ಕೋಟಿಗೆ ಗಟ್ಟಿ ಹೊಲಿಗೆ, ಅಪ್ಪನ ಕೋಟಿಗೆ ನೀರು ಹೊಲಿಗೆ."

ಮೂಗಿ ಸೂಜಿಗೆ ದಾರ ಪೋಣಿಸಿದಳು. ಹೊಲಿಗೆಯಲ್ಲಿ ತಪ್ಪಿರಲಿಲ್ಲ. ಬೆನ್ನಿನ ಬಲಗಡೆ ರೆಕ್ಕೆಮೂಳೆಯ ಹತ್ತಿರ, ತೋಳು ಸೇರುವ ಕಡೆಯಿಂದ ಕೆಳಕ್ಕೆ, ಪ್ರತಿ ಸಲವೂ ಅಲ್ಲೇ ಬಿರಿಯುತ್ತಿತ್ತು. ಎಡಗಡೆ ಒಂದು ಎಳೆ ಕೂಡ ಸಡಿಲವಾಗಿರಲಿಲ್ಲ. ಎರಡೂ ಕೈ ಮುಂದೆ ಚಾಚಿ ಕೂತ ಮನುಷ್ಯ ಇಡೀ ಮೈಯನ್ನು ಎಡಕ್ಕೆ ತಿರುಚಿದರೆ ಮಾತ್ರ ಅಲ್ಲಿ ಎಳೆತ ಬೀಳುತ್ತದೆ. ಸ್ವಲ್ಪ ಕತ್ತು ತಿರುಗಿಸಿದರೆ ಸಾಕಾಗುವ ಕಡೆ ಅಪ್ಪ ಯಾಕೆ ಹಾಗೆ ಮೈ ತಿರುಚಿಕೊಳ್ಳುತ್ತಾನೆ ಅಂತ ಅವಳು ಬಹಳ ದಿನದಿಂದ ನೋಡುತ್ತಿದ್ದಳು.

"ಬಿಡಕ್ಕಾ, ಇದು ಕೊನೇ ರಿಪೇರಿ," ಅಂದ ಅಪ್ಪ ಒಳಗೆ ಬರುತ್ತಾ. "ದೊಡ್ಡಮನೆಗೆ ಹೊಸ ಮೋಟಾರು ಬರ್ತಿದೆ. ಸುತ್ತ ಗಾಜು, ಮೇಲೆ ಮಾಳಿಗೆ. ಒಳ್ಗೆ ಕೂತ್ರೆ ಒಂದು ಹುಳಾನೂ ಮುಖಕ್ಕೆ ಹೊಡೆಯಲ್ಲ. ಧೂಳುಕೋಟು, ಕನ್ನಡಕ ಎಲ್ಲ ತಂದೊಪ್ಸು, ನಿಂಗೆ ಹೊಸ ಉಡುಪು ಹೊಲಿಸ್ತೀನಿ ಅಂದ್ರು ಅಮ್ಮಾವ್ರು."

"ಹಾಗಾದ್ರೆ ಇನ್ನು ನಿನ್ನ ಮುಖ ನೋಡ್ಬೇಕಾ ಊರವರು? ಪಾಪ," ಅಂದಳು ಅತ್ತೆ.

ಅಪ್ಪ ಜೋರಾಗಿ ನಕ್ಕ. ಆದರೆ ನಗುವಾಗ ಕೈ ಎಡಗಣ್ಣಿಗೆ ಹೋಯಿತು. ಆ ಕಣ್ಣಿನ ಕಪ್ಪಿನ ಮೇಲೆ ಅಕ್ಕಿಕಾಳಿನಷ್ಟು ಬಿಳಿ ಹೂ ಬಿದ್ದಿತ್ತು. ದಾರಿಯಲ್ಲಿ ಹರಳು ಸಿಡಿದದ್ದು, ಗಾಯ ಮಾಯ್ದಿದೆ, ಗುರುತು ಮಾತ್ರ ಉಳಿದಿದೆ, ಎಲ್ಲ ಚೆನ್ನಾಗಿ ಕಾಣುತ್ತದೆ ಅಂತ ಹೇಳಿದ್ದ. ದೊಡ್ಡಮನೆಯಲ್ಲಿ ಅದನ್ನು ಯಾರೂ ನೋಡಿರಲಿಲ್ಲ. ಬಾಗಿಲು ತೆಗೆಯುವಾಗಲೂ, ಕೈಮುಗಿಯುವಾಗಲೂ ಅವನ ಕಣ್ಣ ಮೇಲೆ ಕನ್ನಡಕ ಇರುತ್ತಿತ್ತು. ಡ್ರೈವರನ ಮುಖ ನೋಡುವವರು ಯಾರು? ಗುಂಡಿ ಹೊಳೆಯುತ್ತದೋ ಇಲ್ಲವೋ ನೋಡುತ್ತಾರೆ.

ಮರುದಿನ ಅಪ್ಪ ಅಳತೆ ಕೊಡಲು ಅಂಗಡಿಗೆ ಬಂದ. ಡ್ರೈವರುಗಳ ಕೋಟಿಗೆ ದರ್ಜಿ ಮೇಷ್ಟ್ರು ನಿಲ್ಲಿಸಿ ಅಳತೆ ತೆಗೆಯುವವರಲ್ಲ. ಸ್ಟೂಲಿನ ಮೇಲೆ ಕೂರಿಸಿ, ಬಲೆ ಹರಿದುಹೋದ ಹಳೆ ಜರಡಿಯ ಬಳೆಯೊಂದನ್ನು ಕೈಗೆ ಕೊಡುತ್ತಿದ್ದರು. "ಹಿಡಕೋ, ಇದೇ ಚಕ್ರ. ನಿಂತವನಿಗೆ ಹೊಲಿದ ಕೋಟು ಕೂತವನ ಕುತ್ತಿಗೆ ಹಿಸುಕುತ್ತೆ," ಅನ್ನುತ್ತಿದ್ದರು. ಕುದುರೆಗಾಡಿಯವರಿಗೆ ಹೊಲಿಯುತ್ತಿದ್ದಾಗ ಇದೇ ಸ್ಟೂಲಿನ ಮೇಲೆ ಎರಡು ಹಗ್ಗದ ತುಂಡು ಕೊಡುತ್ತಿದ್ದರಂತೆ. ಅಪ್ಪ ಆ ಹಗ್ಗವನ್ನೂ ಹಿಡಿದವನು, ಈ ಬಳೆಯನ್ನೂ ಹಿಡಿದವನು.

ಕಡುನೀಲಿ ಉಣ್ಣೆ ಬಟ್ಟೆ, ಎದೆಯ ಮೇಲೆ ಎರಡು ಸಾಲು ಹಿತ್ತಾಳೆ ಗುಂಡಿ, ನಿಂತ ಕಾಲರು, ತೋಳಿನ ತುದಿಗೆ ಮೂರು ಮೂರು ಸಣ್ಣ ಗುಂಡಿ. ತಲೆಗೆ ಗಟ್ಟಿ ಟೋಪಿ. ಟೋಪಿಯ ಮುಂದೆ ಚಾಚಿದ ಕರಿ ತೊಗಲಿಗೆ ಅಂಗಡಿಯಲ್ಲಿ ಸೂರು ಅನ್ನುತ್ತಿದ್ದರು.

ಮೇಷ್ಟ್ರು ಟೇಪು ಹಿಡಿದು ಅಳತೆ ಕೂಗುತ್ತಿದ್ದರು. ಮೂಗಿ ಸೀಮೆಸುಣ್ಣ ಹಿಡಿದು ಎಡಗಡೆಯಿಂದ ಹೋಗಿ ಭುಜ ಮುಟ್ಟಿದಳು. ಹಾವು ತುಳಿದವನ ಹಾಗೆ ಅಪ್ಪ ಬೆಚ್ಚಿಬಿದ್ದ. ಬಳೆ ಕೈಜಾರಿ ನೆಲದ ಮೇಲೆ ಉರುಳುತ್ತಾ ಹೋಯಿತು.

"ಏನಯ್ಯಾ, ಸ್ವಂತ ಮಗಳು ಮುಟ್ಟಿದ್ರೆ ಹೀಗೆ ಹಾರ್ತೀಯಾ?" ಅಂದರು ಮೇಷ್ಟ್ರು.

"ಯೋಚ್ನೇಲಿದ್ದೆ."

ಅಳತೆ ಮುಗಿದು ಮೇಷ್ಟ್ರು ಆ ಕಡೆ ತಿರುಗಿದ್ದೇ ತಡ, ಅಪ್ಪ ಮಗಳ ಹತ್ತಿರ ಬಗ್ಗಿ, "ಪುಟ್ಟಿ, ಟೋಪಿ ಸೂರು ಎಡಗಡೆ ಒಂದು ಬೆರಳು ಇಳಿಸಿ ಹೊಲಿತೀಯಾ? ಬಿಸಿಲು ಕಣ್ಣಿಗೆ ಹೊಡೆಯುತ್ತೆ," ಅಂದ.

ಮಾಳಿಗೆ ಇರುವ ಮೋಟಾರಿನಲ್ಲಿ ಬಿಸಿಲು ಎಲ್ಲಿಂದ? ಅದೂ ಒಂದೇ ಕಣ್ಣಿಗೆ? ಮೂಗಿ ಉರುಳಿದ ಬಳೆಯನ್ನು ಎತ್ತಿ ಗೋಡೆಯ ಮೊಳೆಗೆ ಸಿಕ್ಕಿಸಿದಳು. ಅವಳು ಉತ್ತರ ಕೊಡದಿರುವುದು ಹೊಸದೇನಲ್ಲವಾದ್ದರಿಂದ ಅಪ್ಪ ಒಪ್ಪಿದಳು ಅಂದುಕೊಂಡು ಹೋದ.

ಹಳೆಯ ಉಡುಪು ಒಪ್ಪಿಸುವ ಮುಂಚೆ ಚೊಕ್ಕ ಮಾಡಬೇಕಿತ್ತು. ಬಟ್ಟೆ ದೊಡ್ಡಮನೆಯದು, ಒಳಗಿನ ಮೈ ಮಾತ್ರ ಡ್ರೈವರನದು. ಕನ್ನಡಕದ ತೊಗಲಿನ ಅಂಚು ಬೆವರಿಗೆ ಕೊಳೆತಿತ್ತು. ರಜೆಯ ಬೆಳಿಗ್ಗೆ ಮೂಗಿ ಅದನ್ನು ಹೊಸ ಅಂಚು ಕಟ್ಟಲು ತೆಗೆದುಕೊಂಡಳು. ಅತ್ತೆ ಸಂತೆಗೆ ಹೋಗಿದ್ದಳು. ಅಪ್ಪ ಹೊರಗೆ ಜಗಲಿಯಲ್ಲಿ ಬೂಟಿಗೆ ಎಣ್ಣೆ ತಿಕ್ಕುತ್ತಿದ್ದ.

ಬಲಗಡೆಯ ಗಾಜು ಒರೆಸಿ ಒರೆಸಿ ಸವೆದಿತ್ತು. ಬಟ್ಟೆ ತಿರುಗಿದ ಗುರುತು ಸಣ್ಣ ಸಣ್ಣ ಸುತ್ತಾಗಿ ಗಾಜಿನ ತುಂಬಾ ಇತ್ತು. ಎಡಗಡೆಯ ಗಾಜಿನ ಮೇಲೆ ಧೂಳು ಪದರ ಪದರವಾಗಿ ಕಟ್ಟಿತ್ತು. ಮಳೆಹನಿ ಬಿದ್ದು ಒಣಗಿ, ಅದರ ಮೇಲೆ ಮತ್ತೆ ಧೂಳು, ಅಂಚಿನಲ್ಲಿ ಯಾವುದೋ ಹುಳದ ರೆಕ್ಕೆ ಅಂಟಿಕೊಂಡು ಗಾಜೇ ಆಗಿಹೋಗಿತ್ತು. ಒಂದು ದಿನದ, ಒಂದು ತಿಂಗಳ ಧೂಳಲ್ಲ ಅದು. ಆ ಗಾಜನ್ನು ಯಾರೂ ಒರೆಸಿಯೇ ಇರಲಿಲ್ಲ. ಯಾಕೆ ಒರೆಸಬೇಕು?

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ. ಆದರೂ ಮೂಗಿಗೆ ತಾನು ತಪ್ಪು ತಿಳಿದಿದ್ದೇನೇನೋ ಅಂತ ಒಂದು ಆಸೆ. ಎರಡೂ ಗಾಜುಗಳನ್ನು ಬಿಸಿನೀರಲ್ಲಿ ತೊಳೆದು ಒರೆಸಿದಳು. ಆಮೇಲೆ ಕೈಚೀಲದಿಂದ ಸೀಮೆಸುಣ್ಣದ ಬಿಲ್ಲೆ ತೆಗೆದು ಎಡಗಾಜಿನ ಮೇಲೆ ಗೋಡೆಗೆ ಬಳಿದಂತೆ ಬಳಿದಳು. ಹೊರಗೆ ಹೋಗಿ ಅಪ್ಪನ ಹಿಂದೆ ನಿಂತು, "ಪಟ್ಟಿ ಅಳತೆ ನೋಡ್ಬೇಕು, ತಿರುಗ್ಬೇಡಿ," ಅಂದಳು. ಹಿಂದಿನಿಂದಲೇ ಕನ್ನಡಕ ಇಳಿಸಿ, ಪಟ್ಟಿ ಬಿಗಿದಳು.

"ಕಾಣುತ್ತಾ?"

"ಓಹೋ! ಬೀದಿ ಕೊನೆಯ ನಾಯಿ ಬಾಲಾನೂ ಕಾಣುತ್ತೆ."

"ಎರಡರಲ್ಲೂ?"

"ಎರಡೂ ನೀರಿನ ಹಾಗಿದೆ ಕಣೇ. ಒಪ್ಪಿಸೋಕೇ ಮನಸ್ಸು ಬರದ ಹಾಗೆ ಮಾಡ್ಬಿಟ್ಟಿದ್ದೀಯ."

ಮೂಗಿ ಮುಂದೆ ಬಂದಳು. ಅಪ್ಪ ನಗುತ್ತಿದ್ದ. ಒಂದು ಗಾಜಿನ ಹಿಂದೆ ಅವನ ಕಣ್ಣು. ಇನ್ನೊಂದು ಗಾಜು ಸುಣ್ಣ ಬಳಿದ ಕಿಟಕಿ. ಅವನ ಕೈ ಹಿಡಿದು, ತೋರುಬೆರಳನ್ನು ಎಡಗಾಜಿನ ಮೇಲೆ ಇಟ್ಟು ಎಳೆದಳು. ಆಮೇಲೆ ಆ ಬೆರಳನ್ನು ಅವನ ಬಲಗಣ್ಣಿನ ಮುಂದೆ ಹಿಡಿದಳು.

ಅಪ್ಪ ಬೆರಳಿನ ಬಿಳಿಯನ್ನು ನೋಡಿದ. ಕನ್ನಡಕ ಬಿಚ್ಚಿ ಮಂಡಿಯ ಮೇಲಿಟ್ಟುಕೊಂಡ.

"ಯಾವಾಗಿಂದ ಗೊತ್ತು?"

"ಹೊಲಿಗೆ ಬಿಡ್ತಿತ್ತಲ್ಲ, ಆಗ್ಲಿಂದ ಅನುಮಾನ."

"ಮಂಜು ಬಿದ್ದಿತ್ತು ಅವತ್ತು. ಗಾಜಿನ ಮೇಲೆಲ್ಲ ಹಬೆ. ಒಂದು ಗಳಿಗೆ ಹಣೆಗೇರಿಸಿದೆ. ಅದೇ ಗಳಿಗೇಲಿ ಹರಳು ಸಿಡೀತು." ಬೂಟಿನ ಮೇಲೆ ಎಣ್ಣೆಬಟ್ಟೆಯನ್ನು ಸುಮ್ಮನೆ ಆಡಿಸುತ್ತಿದ್ದ. "ಮೊದಲು ಮಬ್ಬಿತ್ತು. ಆಮೇಲೆ ಅದೂ ಹೋಯ್ತು. ಆದ್ರೆ ಒಂದು ಕೋಳಿ ಮೇಲೂ ಚಕ್ರ ಹತ್ತಿಸಿಲ್ಲ ನಾನು. ಎಡಗಡೆ ನೋಡ್ಬೇಕಾದ್ರೆ ಇಡೀ ಮೈ ತಿರುಗಿಸ್ತೀನಿ."

"ಗೇಟಿನ ಕಂಬ?"

ಅಪ್ಪನ ಕೈಯಲ್ಲಿ ಆಡುತ್ತಿದ್ದ ಬಟ್ಟೆ ನಿಂತಿತು. ದೊಡ್ಡಮನೆಯ ಗೇಟಿನ ಎಡಗಂಬದಲ್ಲಿ ಮೋಟಾರಿನ ಹಸಿರು ಬಣ್ಣ ಗೀರಿಕೊಂಡಿರುವುದನ್ನು ಅವಳೂ ನೋಡಿದ್ದಳು.

"ಹೇಳ್ಬಿಡಿ ಅಪ್ಪಾ."

"ಹೇಳಿ? ಚಕ್ರ ಬಿಟ್ರೆ ನಾನ್ಯಾರು? ಒಂಟಿಕಣ್ಣಿನ ಡ್ರೈವರು ಅಂದ್ರೆ ಗಾಡಿ ತೊಳೆಯೋಕೂ ಇಟ್ಕೊಳ್ಳಲ್ಲ." ಆಮೇಲೆ ತಗ್ಗಿದ ದನಿಯಲ್ಲಿ, "ಸೂರು ಇಳಿಸು ಪುಟ್ಟಿ. ಅಷ್ಟು ಮಾಡು. ಮಿಕ್ಕಿದ್ದು ನಾನು ನೋಡ್ಕೋತೀನಿ," ಅಂದ.

ನೋಡಿಕೊಳ್ಳುತ್ತೀನಿ ಅನ್ನುವ ಮಾತು ಅವನಿಗೇ ಚುಚ್ಚಿರಬೇಕು. ಮುಖ ಆ ಕಡೆ ತಿರುಗಿಸಿದ.

ಹೊಸ ಮೋಟಾರಿನಲ್ಲಿ ಅಮ್ಮಾವರ ಐದು ವರ್ಷದ ಮಗಳು ಮುಂದೆ, ಡ್ರೈವರನ ಪಕ್ಕ ಕೂರುತ್ತೀನಿ ಅಂತ ಹಟ ಹಿಡಿದಿದ್ದಾಳೆ, ಅಂತ ಅಪ್ಪನೇ ಹೆಮ್ಮೆಯಿಂದ ಹೇಳಿದ್ದ. ಆ ಮಗುವನ್ನು ಅವನು ಸಣ್ಣಮ್ಮಾವ್ರು ಅನ್ನುತ್ತಿದ್ದ. ಚಕ್ರ ಬಲಗಡೆ. ಅಂದರೆ ಮಗು ಅವನ ಎಡಗಡೆ. ಇದನ್ನು ಅಮ್ಮಾವರಿಗೆ ಹೇಳಬೇಕು ಅಂತ ಮೂಗಿ ಆ ವಾರ ದಿನಾ ಬೆಳಿಗ್ಗೆ ಅಂದುಕೊಳ್ಳುತ್ತಿದ್ದಳು. ಹೇಳಿದರೆ ಹೆತ್ತಪ್ಪನ ಹೊಟ್ಟೆಯ ಮೇಲೆ ತಾನೇ ಹೊಡೆದ ಹಾಗೆ ಅಂತ ಸಂಜೆಗೆ ಅನ್ನಿಸುತ್ತಿತ್ತು.

ಸೂರನ್ನು ಅವಳು ಇಳಿಸಲಿಲ್ಲ. ಆದರೆ ಕೋಟಿನ ಬೆನ್ನಿನ ಭಾಗ ಕೈಗೆ ಬಂದಾಗ, ಬಲಗಡೆಯ ರೆಕ್ಕೆಮೂಳೆಯ ಹತ್ತಿರ ಎರಡು ಬೆರಳಷ್ಟು ಬಟ್ಟೆ ಹೆಚ್ಚಿಗೆ ಬಿಟ್ಟು ಒಂದು ಮಡಿಕೆ ಕೊಟ್ಟಳು. ಸುಮ್ಮನೆ ಕೂತಾಗ ಮುಚ್ಚಿಕೊಂಡಿರುತ್ತದೆ, ಮೈ ಎಡಕ್ಕೆ ತಿರುಚಿದಾಗ ಬಿಚ್ಚಿಕೊಳ್ಳುತ್ತದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ತಾನು ಏನೂ ಮುಚ್ಚಿಡುತ್ತಿಲ್ಲ, ತಿರುಗಲು ಅನುಕೂಲ ಮಾಡಿಕೊಡುತ್ತಿದ್ದೇನೆ ಅಷ್ಟೇ ಅಂತ ಅಂದುಕೊಂಡಳು. ಚೆನ್ನಾಗಿ ತಿರುಗಿದರೆ ಚೆನ್ನಾಗಿ ನೋಡುತ್ತಾನೆ.

ಮೇಷ್ಟ್ರು ಮಡಿಕೆಯ ಮೇಲೆ ಬೆರಳಾಡಿಸಿದರು. "ಇದ್ಯಾಕಮ್ಮಾ ಒಂದೇ ಕಡೆ?"

"ತಿರುಗೋಕೆ."

ಅವರು ಕನ್ನಡಕದ ಮೇಲಿಂದ ಅವಳನ್ನು ನೋಡಿದರು. ಏನೋ ಕೇಳಲು ಹೊರಟವರು ಕತ್ತರಿ ಎತ್ತಿಕೊಂಡರು.

ಕೋಟು ಹಾಕಿ ನೋಡುವ ದಿನ ಅಮ್ಮಾವರೇ ಅಂಗಡಿಗೆ ಬಂದರು. ಹಳೆಯ ಮೋಟಾರಿನಲ್ಲಿ ಬಂದದ್ದರಿಂದ ಅವರ ಮೈಮೇಲೂ ಧೂಳುಕೋಟು, ಅಗಲ ಟೋಪಿ, ಟೋಪಿಯ ಮೇಲಿಂದ ಗಲ್ಲದ ಕೆಳಗೆ ಗಂಟು ಹಾಕಿದ ತೆಳು ಪರದೆ. ಗಂಟು ಬಿಚ್ಚುತ್ತಾ, "ಉಸ್ಸಪ್ಪಾ, ಇನ್ನೊಂದು ವಾರ. ಆಮೇಲೆ ಈ ಜೇನು ಬಿಡಿಸೋರ ವೇಷ ಯಾರಿಗಾದ್ರೂ ಕೊಟ್ಬಿಡ್ತೀನಿ," ಅಂದರು. ಅವರ ಮಗಳು ಆಗಲೇ ಗುಂಡಿಗಳ ಡಬ್ಬಿಗೆ ಕೈಹಾಕಿದ್ದಳು.

ಅಪ್ಪ ಹೊಸ ಕೋಟು ಹಾಕಿ ಕನ್ನಡಿಯ ಮುಂದೆ ನಿಂತ. ಧೂಳಣ್ಣ ಎಲ್ಲೂ ಇರಲಿಲ್ಲ. ಸೊಂಟ ನೇರ, ಎದೆಯ ಮೇಲೆ ಎರಡು ಸಾಲು ಗುಂಡಿ ಹೊಳೆಯುತ್ತಿದ್ದವು. ಟೋಪಿಯನ್ನು ಅವನು ಕೈಯಿಂದಲೇ ಎಡಕ್ಕೆ ಸ್ವಲ್ಪ ಇಳಿಸಿಕೊಂಡಿದ್ದ.

"ಮದುವೆ ಗಂಡಿನ ಹಾಗಿದ್ದೀಯಲ್ಲಯ್ಯಾ," ಅಂದರು ಮೇಷ್ಟ್ರು. "ಕೂತ್ಕೋ. ಚಕ್ರ ಹಿಡಿ."

ಅಪ್ಪ ಸ್ಟೂಲಿನ ಮೇಲೆ ಕೂತು ಜರಡಿಯ ಬಳೆ ಹಿಡಿದ. ಮೂಗಿ ಬಲಗಡೆ, ಗುಂಡುಸೂಜಿ ತುಟಿಯಲ್ಲಿ ಕಚ್ಚಿಕೊಂಡು ನಿಂತಿದ್ದಳು. ಡಬ್ಬಿಯಿಂದ ಆರಿಸಿದ ಒಂದು ಹಿತ್ತಾಳೆ ಗುಂಡಿಯನ್ನು ಅಂಗೈಯಲ್ಲಿ ಹಿಡಿದು ಮಗು ಅವನ ಎಡಗಡೆ ಬಂದು ನಿಂತಿತು. "ನೋಡು," ಅನ್ನಲು ಬಾಯಿ ತೆರೆಯಿತು.

"ಮೈ ಸರಾಗವಾಗಿ ತಿರುಗುತ್ತಾ ನೋಡು," ಅಂದರು ಮೇಷ್ಟ್ರು.

ಅಪ್ಪ ಎಡಕ್ಕೆ ತಿರುಗಿದ. ಬೆನ್ನಿನ ಮಡಿಕೆ ಬಾಗಿಲಿನ ಹಾಗೆ ತೆರೆದುಕೊಂಡಿತು. ಯಾವ ಕೋಟಿನಲ್ಲೂ ಅವನು ಅಷ್ಟು ಸಲೀಸಾಗಿ, ಅಷ್ಟು ಬಿರುಸಾಗಿ ತಿರುಗಿರಲಿಲ್ಲ. ಅವನ ಎಡಮೊಣಕೈ ಮಗುವಿನ ಹಣೆಗೆ ಟಪ್ಪನೆ ಬಡಿಯಿತು.

"ಮೇಜು ತಾಗ್ತು ಅನ್ಸುತ್ತೆ," ಅಂತ ಅಪ್ಪ ನಕ್ಕ.

ಆಮೇಲೆ ಮಗು ಅತ್ತಿತು.

ಅಪ್ಪ ಪೂರ್ತಿ ತಿರುಗಿ, ಬಲಗಣ್ಣಿಗೆ ಅದು ಕಂಡಾಗ, ಅವನ ನಗು ಇನ್ನೂ ಮುಖದ ಮೇಲೇ ಇತ್ತು. ಅದನ್ನು ತೆಗೆಯುವುದು ಅವನಿಗೆ ಮರೆತುಹೋಗಿತ್ತು. ಅಮ್ಮಾವರು ಓಡಿಬಂದು ಮಗುವನ್ನು ಎತ್ತಿಕೊಂಡರು. ಹುಬ್ಬಿನ ಮೇಲೆ ಕೆಂಪಗೆ ಬುಗುಟು ಏಳುತ್ತಿತ್ತು. ರಕ್ತ ಬಂದಿರಲಿಲ್ಲ.

"ಪಕ್ಕದಲ್ಲೇ ನಿಂತಿದ್ಲಲ್ಲ! ಕಾಣಿಸ್ಲಿಲ್ವೇನಯ್ಯಾ?"

ಮೇಷ್ಟ್ರು ನಡುವೆ ಬಂದರು. "ಮಗು ಓಡಿ ಬಂತು ಅಮ್ಮಾವ್ರೇ. ನಾನೇ ತಿರುಗು ಅಂದೆ. ಅವನ ತಪ್ಪೇನಿಲ್ಲ."

ಅಮ್ಮಾವರ ಮುಖ ಸಡಿಲಾಯಿತು. ಮಗುವಿನ ಹಣೆಗೆ ಊದುತ್ತಾ, "ಇವ್ಳೂ ಹಾಗೇ, ಒಂದು ಕಡೆ ನಿಲ್ಲಲ್ಲ," ಅಂದರು.

ಅಲ್ಲಿಗೆ ಮುಗಿದಿತ್ತು. ಅಪ್ಪ ಒಂದು ಮಾತೂ ಆಡಬೇಕಾಗಿರಲಿಲ್ಲ. ಮೂಗಿ ತುಟಿಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದಳು. ಈಗ ಅವನು ಸುಮ್ಮನಿದ್ದರೆ ತಾನು ಹೇಳಲೇಬೇಕು ಅಂತ ಅವಳಿಗೆ ಗೊತ್ತಾಯಿತು. "ಅಪ್ಪಾ," ಅಂದಳು. ಅಷ್ಟೇ ಅಂದದ್ದು.

ಅಪ್ಪ ಬಳೆಯನ್ನು ನೆಲದ ಮೇಲಿಟ್ಟ. ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ.

"ಇಲ್ಲ ಅಮ್ಮಾವ್ರೇ. ಕಾಣಿಸ್ಲಿಲ್ಲ."

"ಆಯ್ತು ಬಿಡು."

"ಇವತ್ತಲ್ಲ. ಎಡಗಣ್ಣು ಇಲ್ಲ ನಂಗೆ. ಬಹಳ ದಿನ ಆಯ್ತು. ಕನ್ನಡಕದ ಒಳ್ಗಿತ್ತು, ನಿಮಗೆ ಗೊತ್ತಾಗ್ಲಿಲ್ಲ."

ಅಮ್ಮಾವರು ಅವನ ಮುಖವನ್ನು ನೋಡಿದರು. ಇಷ್ಟು ವರ್ಷದಲ್ಲಿ ಅವರು ಆ ಮುಖವನ್ನು ಸರಿಯಾಗಿ ನೋಡಿದ್ದು ಅದೇ ಮೊದಲಿರಬೇಕು. ಬಿಳಿ ಹೂ ಬಿದ್ದ ಕಣ್ಣನ್ನೇ ನೋಡುತ್ತಾ, "ಹೋದ ತಿಂಗಳು ಬೆಟ್ಟದ ರಸ್ತೇಲಿ ಬಂದ್ವಲ್ಲ. ಎಡಗಡೆ ಕಂದಕ ಇತ್ತು," ಅಂದರು.

"ಇತ್ತು ಅಮ್ಮಾವ್ರೇ."

"ಇವಳು ನಿದ್ದೆ ಮಾಡ್ತಿದ್ಲು."

"ಹೌದು."

ಅವರು ಬೆಂಚಿನ ಮೇಲೆ ಕೂತರು. ಮಗು ಅಳು ನಿಲ್ಲಿಸಿ ಅಮ್ಮನ ಪರದೆಯ ತುದಿ ಚೀಪುತ್ತಿತ್ತು. ಅಮ್ಮಾವರು ಕೂಗಾಡುತ್ತಾರೆ ಅಂತ ಎಲ್ಲರೂ ಕಾದರು. ಅವರು ಕೂಗಾಡಲಿಲ್ಲ. "ಕೋಟು ಬಿಚ್ಚಿಡು. ಮನೆಗೆ ಗಾಡಿ ಓಡಿಸೋಕೆ ಬೇರೆ ಯಾರನ್ನಾದ್ರೂ ಕರೆಸು," ಅಂದರು. ಮತ್ತೆ ಅವನ ಕಡೆ ನೋಡಲಿಲ್ಲ.

ಅಪ್ಪ ಗುಂಡಿ ಬಿಚ್ಚತೊಡಗಿದ. ಬಲಗಡೆಯ ಸಾಲು ಬೇಗ ಬಿಚ್ಚಿತು. ಎಡಗಡೆಯದಕ್ಕೆ ಕೈ ತಡವರಿಸಿತು. ಮೂಗಿ ಎದುರಿಗೆ ಮಂಡಿಯೂರಿ ಕೂತು ಬಿಚ್ಚಿಕೊಟ್ಟಳು.

ಸುದ್ದಿ ಕೇಳಿ ಅತ್ತೆ ಮನೆಯೆಲ್ಲ ಹಾರಾಡಿದಳು. "ಮುಚ್ಕೊಂಡಿದ್ದಿದ್ರೆ ಯಾರಿಗೆ ಗೊತ್ತಾಗ್ತಿತ್ತೋ? ಮೇಷ್ಟ್ರು ಬಾಗಿಲು ತೆಗೆದುಕೊಟ್ರೂ ಗೋಡೆಗೆ ತಲೆ ಹೊಡ್ಕೊಂಡ್ಯಲ್ಲೋ!" ಆಮೇಲೆ ಅವಳೇ ಮಾತು ನಿಲ್ಲಿಸಿ, ತಮ್ಮನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಆ ಕಣ್ಣನ್ನು ನೋಡಿದಳು. "ನೋವಿತ್ತೇನೋ?" ಅಂದಳು. ಅಪ್ಪ ಇಲ್ಲ ಅಂತ ತಲೆಯಾಡಿಸಿದ. ಅವಳು ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು.

ಕೆಲವು ದಿನ ಅಪ್ಪ ಜಗಲಿ ಬಿಟ್ಟು ಏಳಲಿಲ್ಲ. ಒಂದು ಬೆಳಿಗ್ಗೆ ದರ್ಜಿ ಮೇಷ್ಟ್ರೇ ಬಂದು ಎದುರಿಗೆ ನಿಂತರು. "ಇಸ್ತ್ರಿ ಮಾಡೋನು ಕೈಕೊಟ್ಟ. ಬಾ. ಇಸ್ತ್ರಿ ಪೆಟ್ಟಿಗೆಗೆ ಒಂದು ಕಣ್ಣು ಸಾಕು, ಅದು ಕಂಬಕ್ಕೆ ಗುದ್ದಲ್ಲ," ಅಂದರು. ಅಪ್ಪನಿಗೆ ನಗು ಬರಲಿಲ್ಲ. ಆದರೆ ಎದ್ದು ಚಪ್ಪಲಿ ಮೆಟ್ಟಿಕೊಂಡ.

ದೊಡ್ಡಮನೆಯ ಹೊಸ ಡ್ರೈವರು ಅಪ್ಪನಷ್ಟೇ ಎತ್ತರ, ಆದರೆ ಸಣಕಲು. ಕೋಟನ್ನು ಅವನ ಮೈಗೆ ಇಳಿಸಬೇಕಿತ್ತು. ಸ್ಟೂಲಿನ ಮೇಲೆ ಕೂತು ಬಳೆ ಹಿಡಿದು, ಕತ್ತು ಮಾತ್ರ ಹೊರಳಿಸಿ ಆ ಕಡೆ ಈ ಕಡೆ ನೋಡಿದ. ಅವನಿಗೆ ಬೆನ್ನಿನ ಮಡಿಕೆ ಬೇಕಾಗಿರಲಿಲ್ಲ. ಮೂಗಿ ಒಳಗಿನಿಂದ ಹೊಲಿಗೆ ಬಿಚ್ಚಿದಳು. ತನ್ನದೇ ಹೊಲಿಗೆ, ಗಟ್ಟಿಯಾಗಿತ್ತು. ಹೆಚ್ಚಿನ ಬಟ್ಟೆ ಕತ್ತರಿಸಿ ತೆಗೆದು, ಅಂಚು ಸೇರಿಸಿ ಹೊಲಿದು, ಕೋಟನ್ನು ಇಸ್ತ್ರಿಯ ಮೇಜಿಗೆ ಕೊಟ್ಟಳು. ಈ ಸಲ ಅಪ್ಪನ ಬಲಗಡೆಯಿಂದ ಹೋಗಿ ಕೊಟ್ಟಳು.

ಅಪ್ಪ ಒದ್ದೆ ಬಟ್ಟೆ ಹಾಸಿ ಪೆಟ್ಟಿಗೆ ಒತ್ತಿದ. ಹಬೆ ಎದ್ದಿತು. ತೆಗೆದು ನೋಡಿದ. ಮಡಿಕೆ ಇದ್ದ ಕಡೆ ಕಡುನೀಲಿಯ ಮೇಲೆ ಕೂದಲಿನಷ್ಟು ಸಣ್ಣ ಗೆರೆ ಹಾಗೇ ನಿಂತಿತ್ತು. ಮತ್ತೆ ಒತ್ತಿದ. ಗೆರೆ ಹೋಗಲಿಲ್ಲ.

"ಇನ್ನೊಂದ್ಸಲ ಒದ್ದೆ ಮಾಡ್ಲಾ?" ಅಂದಳು ಮೂಗಿ.

ಅಪ್ಪ ಕೋಟನ್ನು ಎತ್ತಿ ಭುಜದ ಗೆರೆ ನೇರ ಮಾಡಿ ಗೂಟಕ್ಕೆ ಹಾಕಿದ. ಸ್ವಲ್ಪ ಹಿಂದೆ ಸರಿದು, ಇಡೀ ಮೈ ತಿರುಗಿಸಿ, ಅದನ್ನು ನೋಡಿದ.

"ಬೇಡ, ಬಿಡು," ಅಂದ. "ಹಾಕ್ಕೊಳ್ಳೋನಿಗೆ ತನ್ನ ಬೆನ್ನು ಕಾಣ್ಸಲ್ಲ."

ಮತ್ತೆ ಪೆಟ್ಟಿಗೆಯ ಕೆಂಡ ಊದತೊಡಗಿದ. ಬೂದಿ ಹಾರಿ ಅವನ ಮುಖದ ಮೇಲೆಲ್ಲ ಕೂತಿತು.